ದಪ್ಪ ಅಲ್ಯೂಮಿನಿಯಂ ಕೇಬಲ್ ಎಳೆದೆ, ಮೋಟರ್ ಸುಡೋದು ನಿಂತಿತು

ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ನನ್ನ ಬೋರ್‌ವೆಲ್‌ಗೆ ಸುಮಾರು 300 ಮೀಟರ್. 5 ಎಚ್‌ಪಿ ಮೋಟರ್, 2.5 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್. ಬೇಸಿಗೆ ಬಂತೆಂದರೆ ಕಾಯಿಲ್ ಸುಡುತ್ತಿತ್ತು. ರಿವೈಂಡಿಂಗ್, ಪೈಪ್ ಎತ್ತಿ ಇಳಿಸುವ ಕೂಲಿ ಎಲ್ಲ ಸೇರಿ ಪ್ರತಿ ಸಲ 10-12 ಸಾವಿರ. ಬಾಡಿದ ಅಡಿಕೆ ಗಿಡದ ಲೆಕ್ಕ ಬೇರೆ. ಮೆಕ್ಯಾನಿಕ್ ಸ್ಟಾರ್ಟರ್ ಬದಲಿಸಿದರು, ಸುಟ್ಟಿತು. ಪದೇ ಪದೇ ಟ್ರಿಪ್ ಆಗುತ್ತೆ ಅಂತ, ಕರೆಂಟ್ ಜಾಸ್ತಿಯಾದರೆ ಮೋಟರ್ ಆಫ್ ಮಾಡುವ ರಿಲೇಯ ಸೆಟ್ಟಿಂಗ್ ಏರಿಸಿದರು, ಇನ್ನೂ ಬೇಗ ಸುಟ್ಟಿತು.

‘ವೋಲ್ಟೇಜ್ ಸರಿಯಾಗೇ ಇದೆ, 400 ಬರ್ತಿದೆ’ ಅಂತ ಎಲ್ಲರೂ ಹೇಳುತ್ತಿದ್ದರು. ಅವರು ಅಳೆದದ್ದು ಮೋಟರ್ ಆಫ್ ಇದ್ದಾಗ. ಕರೆಂಟ್ ಹರಿಯದಿದ್ದರೆ ಕೇಬಲ್‌ನಲ್ಲಿ ವೋಲ್ಟೇಜ್ ಇಳಿಯುವುದೇ ಇಲ್ಲ, ತಂತಿ ಎಷ್ಟೇ ಸಣ್ಣದಿರಲಿ. ನಾನು ಮೋಟರ್ ಓಡಿಸಿ ಎರಡೂ ತುದಿಯಲ್ಲಿ ಅಳೆದೆ. ಟಿಸಿ ಕಡೆ 385, ಬೋರ್ ಹತ್ತಿರ 345. ಕ್ಲ್ಯಾಂಪ್ ಮೀಟರ್‌ನಲ್ಲಿ 11 ಆಂಪ್ಸ್. 40 ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು! ವೋಲ್ಟೇಜ್ ಇಳಿದರೂ ಎತ್ತಬೇಕಾದ ನೀರು ಅಷ್ಟೇ ಅಲ್ವಾ? ಅದಕ್ಕೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಕರೆಂಟ್ ಶೇ 10 ಏರಿದರೆ ಕಾಯಿಲ್‌ನಲ್ಲಿ ಹುಟ್ಟುವ ಬಿಸಿ ಶೇ 20ಕ್ಕೂ ಜಾಸ್ತಿ ಏರುತ್ತದೆ.

16 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ತಂದೆ. ‘ತಾಮ್ರ ಕಿತ್ತು ಅಲ್ಯೂಮಿನಿಯಂ ಹಾಕ್ತೀಯೇನಪ್ಪಾ’ ಅಂತ ಪಕ್ಕದ ತೋಟದವರು ನಕ್ಕರು. ಕರೆಂಟ್‌ಗೆ ಅಲ್ಯೂಮಿನಿಯಂನ ತಡೆ ತಾಮ್ರದ ಒಂದೂವರೆಪಟ್ಟಿಗಿಂತ ಸ್ವಲ್ಪ ಜಾಸ್ತಿ, ನಿಜ. ಆದರೆ ನನ್ನ ಕೇಬಲ್ ಆರುಪಟ್ಟಿಗಿಂತ ದಪ್ಪ, ದಪ್ಪವಾದಷ್ಟೂ ತಡೆ ಕಮ್ಮಿ. ಖರ್ಚು 40 ಸಾವಿರದ ಆಸುಪಾಸು. ಹಳೇ ತಾಮ್ರ ಗುಜರಿಗೆ ಹಾಕಿದ್ದಕ್ಕೆ ಹತ್ತು ಸಾವಿರದಷ್ಟು ವಾಪಸ್ ಬಂತು. ಈಗ ಬೋರ್ ಹತ್ತಿರ 375ರ ಮೇಲೇ ಇರುತ್ತದೆ, ಆಂಪ್ಸ್ ಹತ್ತು ದಾಟಲ್ಲ. ಎರಡು ಬೇಸಿಗೆ ಕಳೆದವು, ಮೋಟರ್ ಮೇಲೆತ್ತಿಲ್ಲ. ನಕ್ಕವರೇ ಈಗ ನನ್ನ ಮೀಟರ್ ಕೇಳಿಕೊಂಡು ಬರುತ್ತಾರೆ.

ಅಲ್ಯೂಮಿನಿಯಂಗೆ ತಾಮ್ರ ಸೇರುವ ಕಡೆ ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಬೈಮೆಟಲ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ಜೋಡಣೆ ತುಂಡು) ಹಾಕಿ. ಲಗ್ ಒತ್ತುವ ಮೊದಲು ನಾನು ತಂತಿಗೆ ಮಾಡುವ ಕೆಲಸವೊಂದಿದೆ, ಅದನ್ನು ಇಲ್ಲಿ ಬರೆಯಲ್ಲ, ತೋಟಕ್ಕೆ ಬಂದರೆ ತೋರಿಸುತ್ತೇನೆ. ಮೋಟರ್ ಓಡುವಾಗ ಜಾಯಿಂಟ್‌ನ ಆಚೆ ಈಚೆ ಮೀಟರ್ ಇಡಿ. ಅರ್ಧ ವೋಲ್ಟ್ ತೋರಿಸಿದರೂ 10 ಆಂಪ್ಸ್‌ಗೆ ಅಲ್ಲಿ 5 ವ್ಯಾಟ್ ಬಿಸಿ. ಲೈನ್ ಆಫ್ ಮಾಡಿ, ಬಿಚ್ಚಿ, ಹೊಸದಾಗಿ ಕಟ್ಟಿ.

ಕೇಬಲ್‌ನ ಆಂಪ್ಸ್ ಇಳಿಸಲು ಕೆಪಾಸಿಟರ್ ಕೂಡ ಪ್ರಯೋಗ ಮಾಡಿದೆ, 2 ಕೆವಿಎಆರ್‌ದು (ಕೆಪಾಸಿಟರ್‌ನ ಅಳತೆ). ಟಿಸಿ ಕಡೆಯ ಬೋರ್ಡ್‌ನಲ್ಲಿ ಹಾಕಿದಾಗ ಕೇಬಲ್‌ನ ಆಂಪ್ಸ್ ಅಲುಗಲಿಲ್ಲ. ಬೋರ್ ಹತ್ತಿರದ ಸ್ಟಾರ್ಟರ್‌ಗೆ ಬದಲಿಸಿದೆ, ಒಂದು ಆಂಪ್ಸ್ ಚಿಲ್ಲರೆ ಇಳಿಯಿತು. ಹಾಕುವುದಾದರೆ ಮೋಟರ್ ಕಡೆಗೇ ಹಾಕಿ.