ಮಾತಿಗೆ ಮನೆ, ಚಿತ್ರಕ್ಕೆ ಥಿಯೇಟರ್: ಹಳೆಯ ಬ್ರಿಟಿಷ್ ಸಿನಿಮಾ ನೋಡುವ ನನ್ನ ಪದ್ಧತಿ

ಹಳೆಯ ಬ್ರಿಟಿಷ್ ಸಿನಿಮಾವನ್ನು ಸಾಧ್ಯವಾದರೆ ನಾನು ಎರಡು ಸಲ ನೋಡುತ್ತೇನೆ. ಮೊದಲ ಸಲ ಮನೆಯಲ್ಲಿ, ಸಬ್‌ಟೈಟಲ್ ಹಾಕಿಕೊಂಡು. ಎರಡನೆಯ ಸಲ ಥಿಯೇಟರಿನಲ್ಲಿ, ಸಬ್‌ಟೈಟಲಿನ ಹಂಗಿಲ್ಲದೆ. ಮೈಸೂರಿನಿಂದ ಕೆಲಸಕ್ಕೆಂದು ಲಂಡನ್ನಿಗೆ ಬಂದು ನೆಲೆಸಿದ ಮೇಲೆ ರೂಢಿಯಾದ ಪದ್ಧತಿ ಇದು. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹರಿಸುವವರಿಗೂ 1930, 40ರ ದಶಕದ ಚಿತ್ರಗಳ ಇಂಗ್ಲಿಷ್ ತಟ್ಟನೆ ಕಿವಿಗೆ ಹತ್ತುವುದಿಲ್ಲ. ದೊಡ್ಡ ಮನೆತನದವರು ಬಾಯಿ ಪೂರ್ತಿ ತೆರೆಯದೆ ಪಟಪಟ ಮಾತಾಡುತ್ತಾರೆ. ರೈಲ್ವೆ ನೌಕರರ, ಚಹಾ ಅಂಗಡಿಯವರ ಧಾಟಿಯೇ ಬೇರೆ. ಧ್ವನಿಮುದ್ರಣವೂ ಆ ಕಾಲದ್ದು. ಮಾತು ಹಿಡಿಯುವುದರಲ್ಲೇ ಮನಸ್ಸು ಸಿಕ್ಕಿಕೊಂಡರೆ ಚಿತ್ರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಮಾತಿನ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಳ್ಳುತ್ತೇನೆ.

ಮನೆಯಲ್ಲಿ ನೋಡುವುದಕ್ಕೆ ಇಲ್ಲಿ ದಾರಿ ಬೇಕಾದಷ್ಟಿದೆ. 2015ರಲ್ಲಿ ಶುರುವಾದ ಟಾಕಿಂಗ್ ಪಿಕ್ಚರ್ಸ್ ಟಿವಿ ಎಂಬ ಉಚಿತ ವಾಹಿನಿ ಇದೆ, ಒಂದು ಕುಟುಂಬವೇ ಅದನ್ನು ನಡೆಸುತ್ತದೆ. ಬೇರೆಲ್ಲೂ ಸಿಗದ ಸಣ್ಣಪುಟ್ಟ ಚಿತ್ರಗಳು ಅಲ್ಲಿ ಸಿಗುತ್ತವೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಬಿಎಫ್ಐ ಪ್ಲೇಯರ್ ಇದೆ. ಆದರೆ ಮೆಚ್ಚಿದ ಚಿತ್ರವಾದರೆ ನಾನು ಬ್ಲೂ-ರೇ ಡಿಸ್ಕನ್ನೇ ಕೊಳ್ಳುತ್ತೇನೆ. ಇದಕ್ಕೆ ಕಾರಣವಿದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಲ್ಲಿ ಓಡುತ್ತದೆ, ಯುರೋಪಿನ ಟಿವಿ ಮತ್ತು ಡಿವಿಡಿ 25ರಲ್ಲಿ. ಹಾಗಾಗಿ 86 ನಿಮಿಷದ ಚಿತ್ರ ಡಿವಿಡಿಯಲ್ಲಿ 83 ನಿಮಿಷದೊಳಗೆ ಮುಗಿದುಹೋಗುತ್ತದೆ. ಅವಸರದ ಮಾತು ಇನ್ನಷ್ಟು ಅವಸರವಾಗುತ್ತದೆ, ಸಂಗೀತದ ಶ್ರುತಿಯೂ ಒಂಚೂರು ಏರಿಬಿಡಬಹುದು. ಬ್ಲೂ-ರೇಯಲ್ಲಿ ಸಾಮಾನ್ಯವಾಗಿ ಈ ತೊಂದರೆಯಿಲ್ಲ.

ಟಿವಿಯ ಸೆಟ್ಟಿಂಗ್ಸ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಚಲನೆಯನ್ನು ನುಣುಪಾಗಿಸುವ ಆಯ್ಕೆಯೊಂದು ಹೊಸ ಟಿವಿಗಳಲ್ಲಿ ಕಂಪನಿಯಿಂದಲೇ ಆನ್ ಆಗಿ ಬರುತ್ತದೆ. ಅದನ್ನು ಮೊದಲು ಆಫ್ ಮಾಡಿ. ಇಲ್ಲದಿದ್ದರೆ 1945ರ ಚಿತ್ರವೂ ಧಾರಾವಾಹಿಯ ಶೂಟಿಂಗ್ ಕಂಡ ಹಾಗೆ ಕಾಣುತ್ತದೆ. ಆ ಕಾಲದ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚಚ್ಚೌಕ, ಅಂದರೆ ಅಗಲ 1.37 ಇದ್ದರೆ ಎತ್ತರ 1. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಇರಲೇಬೇಕು. ಪರದೆ ತುಂಬಲಿ ಎಂದು ಎಳೆದರೆ ಮುಖಗಳು ಊದಿಕೊಳ್ಳುತ್ತವೆ, ಹಿಗ್ಗಿಸಿದರೆ ಹಣೆ, ಗಲ್ಲ ಕತ್ತರಿಸಿಹೋಗುತ್ತವೆ. ಇದಿಷ್ಟು ಸರಿಮಾಡಿಕೊಂಡು ದೀಪ ಆರಿಸಿ ಕೂತರೆ ಸಾಕು, ದುಬಾರಿ ಸಲಕರಣೆ ಏನೂ ಬೇಡ.

ಡೇವಿಡ್ ಲೀನ್ ನಿರ್ದೇಶನದ 1945ರ 'ಬ್ರೀಫ್ ಎನ್‌ಕೌಂಟರ್' ಈ ಪದ್ಧತಿಗೆ ಒಳ್ಳೆಯ ಉದಾಹರಣೆ. ಬೇರೆ ಬೇರೆ ಸಂಸಾರವುಳ್ಳ ಒಬ್ಬ ಗೃಹಿಣಿ, ಒಬ್ಬ ವೈದ್ಯ ರೈಲು ನಿಲ್ದಾಣದಲ್ಲಿ ಪರಿಚಯವಾಗಿ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ಅಷ್ಟೇ ಕಥೆ. ಮೊದಲ ಸಲ ಸಬ್‌ಟೈಟಲ್ ಇಟ್ಟುಕೊಂಡು, ಗೃಹಿಣಿಯಾಗಿ ನಟಿಸಿದ ಸೀಲಿಯಾ ಜಾನ್ಸನ್ ಅವರ ಸ್ವಗತವನ್ನು ಸಾಲುಸಾಲಾಗಿ ಓದಿದೆ. ಮನೆಯಲ್ಲಿ ಹೆಂಡತಿಯಾಗಿ, ತಾಯಿಯಾಗಿ ಇರುತ್ತಲೇ ಒಳಗೊಳಗೇ ಕುದಿಯುವ ಹೆಂಗಸು ಅವಳು. ಥಿಯೇಟರಿನಲ್ಲಿ ನೋಡುವಾಗ ಆ ಮಾತುಗಳೆಲ್ಲ ಗೊತ್ತಿದ್ದವು, ಕಣ್ಣು ಬಿಡುವಾಗಿತ್ತು. ನಿಲ್ದಾಣದ ಚಹಾ ಕೋಣೆಯಲ್ಲಿ ಕೊನೆಯ ಭೇಟಿಯ ಹೊತ್ತಿಗೆ ವಾಚಾಳಿ ಗೆಳತಿಯೊಬ್ಬಳು ಬಂದು ಅದೇ ಮೇಜಿಗೆ ಕೂತುಬಿಡುತ್ತಾಳೆ. ಇಬ್ಬರಿಗೂ ಒಂದು ಮಾತಾಡಲೂ ಆಗುವುದಿಲ್ಲ. ಅವನು ಎದ್ದು ಹೋಗುವಾಗ ಅವಳ ಭುಜವನ್ನು ಒಮ್ಮೆ ಮೆಲ್ಲಗೆ ಒತ್ತುತ್ತಾನೆ. ಟಿವಿಯಲ್ಲಿ ಅದು ಕೈಯಿಟ್ಟು ತೆಗೆದ ಹಾಗಷ್ಟೇ ಕಂಡಿತ್ತು. ದೊಡ್ಡ ಪರದೆಯ ಮೇಲೆ ಬೆರಳುಗಳ ಬಿಗಿ ಕಾಣುತ್ತದೆ, ಆಮೇಲೆ ಅವಳ ಮುಖದಲ್ಲಾಗುವುದೂ ಕಾಣುತ್ತದೆ. ಹೇಳಬೇಕಾದ್ದನ್ನು ನಾಲ್ಕು ಜನರ ಎದುರು ಹೇಳಲಾರದ ಆ ಸಂಕಟ ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾದ್ದಿಲ್ಲ.

ಆ ನಿಲ್ದಾಣದ ದೃಶ್ಯಗಳನ್ನು ತೆಗೆದದ್ದು ಲ್ಯಾಂಕಷೈರಿನ ಕಾರ್ನ್‌ಫರ್ತ್‌ನಲ್ಲಿ. ಯುದ್ಧ ಇನ್ನೂ ಮುಗಿದಿರಲಿಲ್ಲ. ರಾತ್ರಿ ದೀಪ ಉರಿಸಿ ಶೂಟಿಂಗ್ ಮಾಡಬೇಕಿತ್ತು, ವಿಮಾನ ದಾಳಿಯ ಸುಳಿವು ಸಿಕ್ಕಿದರೆ ಆರಿಸುವುದಕ್ಕೆ ಸಮಯ ಸಿಗುವಷ್ಟು ದೂರದ ಜಾಗ ಬೇಕಿತ್ತು. ಲ್ಯಾಂಕಾಸ್ಟರಿಗೆ ಹೋಗಿ ಅಲ್ಲಿಂದ ಲೋಕಲ್ ರೈಲು ಹಿಡಿದರೆ ಸುಲಭವಾಗಿ ತಲುಪಬಹುದು. ಚಿತ್ರದಲ್ಲಿ ಕಾಣುವ ಗಡಿಯಾರ ಅಲ್ಲಿದೆ. ಚಹಾ ಕೋಣೆಯನ್ನು ಮಾತ್ರ ಆಗ ಸ್ಟುಡಿಯೋದಲ್ಲಿ ಸೆಟ್ ಹಾಕಿ ತೆಗೆದದ್ದು, ಈಗ ನಿಲ್ದಾಣದಲ್ಲಿ ಅದೇ ಮಾದರಿಯ ಕೋಣೆಯನ್ನು ಕಟ್ಟಿದ್ದಾರೆ.

ಥಿಯೇಟರ್ ವಿಷಯಕ್ಕೆ ಬಂದರೆ, ನಾನು ಹೆಚ್ಚಾಗಿ ಹೋಗುವುದು ವಾಟರ್‌ಲೂ ಸೇತುವೆಯ ಅಡಿಯಲ್ಲಿರುವ ಬಿಎಫ್ಐ ಸೌತ್‌ಬ್ಯಾಂಕಿಗೆ. ಲೆಸ್ಟರ್ ಸ್ಕ್ವೇರ್ ಹತ್ತಿರದ ಪ್ರಿನ್ಸ್ ಚಾರ್ಲ್ಸ್ ಸಿನಿಮಾದಲ್ಲೂ ಹಳೆಯ ಚಿತ್ರ ಸದಾ ಇರುತ್ತದೆ. ತಿಂಗಳ ಕಾರ್ಯಕ್ರಮ ಪಟ್ಟಿ ಬಂದ ಕೂಡಲೇ ನಾನು ಮೊದಲು ಹುಡುಕುವುದು 35 ಎಂಎಂ ಎಂಬ ಗುರುತನ್ನು, ಅಂದರೆ ಫಿಲ್ಮ್ ರೀಲಿನಿಂದಲೇ ತೋರಿಸುವ ಪ್ರದರ್ಶನವನ್ನು. ಡಿಜಿಟಲ್ ಪ್ರತಿ ಚೊಕ್ಕವಾಗಿರುತ್ತದೆ, ಒಪ್ಪುತ್ತೇನೆ. ಆದರೆ ನಿಜವಾದ ಪ್ರಿಂಟಿನಲ್ಲಿ ಕಪ್ಪುಬಿಳುಪಿಗೆ ಒಂದು ಆಳವಿದೆ. ರೀಲು ಬದಲಾಗುವ ಮುಂಚೆ ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಚುಕ್ಕೆ ಮಿಂಚಿ ಮಾಯವಾಗುತ್ತದೆ. ಪ್ರೊಜೆಕ್ಟರ್ ಕೋಣೆಯಲ್ಲಿ ಮನುಷ್ಯರೊಬ್ಬರು ನಮಗಾಗಿ ಕೆಲಸ ಮಾಡುತ್ತಿದ್ದಾರೆ ಅನ್ನುವುದಕ್ಕೆ ಅದು ಗುರುತು. ಆ ಚುಕ್ಕೆ ಕಂಡರೆ ನನಗೆ ಈಗಲೂ ಖುಷಿ.

ಥಿಯೇಟರಿನಲ್ಲಿ ನೋಡದೆ ಬಿಡಬಾರದ ಒಂದೇ ಚಿತ್ರ ಹೆಸರಿಸಿ ಎಂದರೆ 1947ರ 'ಬ್ಲ್ಯಾಕ್ ನಾರ್ಸಿಸಸ್' ಎನ್ನುತ್ತೇನೆ. ಮೈಕೇಲ್ ಪೊವೆಲ್, ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ಚಿತ್ರ. ಹಿಮಾಲಯದ ಹಳೆಯ ಅರಮನೆಯೊಂದರಲ್ಲಿ ಶಾಲೆ, ಆಸ್ಪತ್ರೆ ನಡೆಸಲು ಬಂದ ಕ್ರೈಸ್ತ ಸಂನ್ಯಾಸಿನಿಯರ ಕಥೆ. ಇಡೀ ಚಿತ್ರತಂಡ ಭಾರತಕ್ಕೆ ಕಾಲಿಡಲೇ ಇಲ್ಲ. ಪೈನ್‌ವುಡ್ ಸ್ಟುಡಿಯೋದಲ್ಲಿ, ಸಸೆಕ್ಸಿನ ಒಂದು ತೋಟದಲ್ಲಿ ಪೂರ್ತಿ ಚಿತ್ರ ತೆಗೆದರು. ಪ್ರಪಾತದ ಅಂಚಿನಲ್ಲಿ ಗಂಟೆ ಬಾರಿಸುವ ದೃಶ್ಯದ ಆ ಕಣಿವೆ, ಬರೆದ ಚಿತ್ರ. ಗೊತ್ತಿದ್ದೂ ನೋಡುವಾಗ ಅಂಗಾಲು ಜುಮ್ಮೆನ್ನುತ್ತದೆ. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ಡಚ್ ಕಲಾವಿದ ವೆರ್ಮೀರನ ಬೆಳಕನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿದವರು, ಈ ಚಿತ್ರಕ್ಕೆ ಆಸ್ಕರ್ ಪಡೆದರು. ಸಿಸ್ಟರ್ ರೂತ್ ಸಂನ್ಯಾಸಿನಿಯ ಉಡುಪು ಕಳಚಿ, ಕೆಂಪು ಬಟ್ಟೆ ತೊಟ್ಟು ಕೂತಿರುತ್ತಾಳೆ. ಎದುರಿಗೆ ಸಿಸ್ಟರ್ ಕ್ಲೋಡಾ ಬೈಬಲ್ ತೆರೆಯುತ್ತಾಳೆ. ರೂತ್ ತುಟಿಗೆ ನಿಧಾನವಾಗಿ ಲಿಪ್‌ಸ್ಟಿಕ್ ಹಚ್ಚುತ್ತಾಳೆ. ನಡುವೆ ಮೇಣದಬತ್ತಿ ಕರಗುತ್ತಿರುತ್ತದೆ. ಮನೆಯಲ್ಲಿ ನಾನು ಆ ಕೆಂಪನ್ನಷ್ಟೇ ಗಮನಿಸಿದ್ದೆ. ಥಿಯೇಟರಿನಲ್ಲಿ ಅವಳ ಕಣ್ಣಿನ ಸುತ್ತಲಿನ ಕೆಂಪು, ಬೆವರಿನ ಹನಿ ಎಲ್ಲ ಕಂಡವು.

ಈ ಚಿತ್ರದಲ್ಲಿ ಯುವ ಜನರಲ್ ಪಾತ್ರ ಮಾಡಿದ ಸಾಬು ನಮ್ಮವನು. 1924ರಲ್ಲಿ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. 1937ರ 'ಎಲಿಫೆಂಟ್ ಬಾಯ್' ಚಿತ್ರಕ್ಕೆಂದು ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಸಿಕ್ಕಿದ ಹುಡುಗ. ಕಾಡಿನ ಭಾಗಗಳನ್ನು ಮೈಸೂರಿನಲ್ಲಿ, ಮಾತಿನ ಎಷ್ಟೋ ಭಾಗಗಳನ್ನು ಆಮೇಲೆ ಲಂಡನ್ ಸಮೀಪದ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆದರು. ಬೆಳಕು ನೋಡಿದರೇ ಯಾವುದು ಎಲ್ಲಿಯದು ಎಂದು ತಿಳಿಯುತ್ತದೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಅವರಿಗೆ ಈ ಚಿತ್ರ ತೋರಿಸಿದೆ. ಇಂಗ್ಲಿಷ್ ಮಾತಿನ ಕಡೆ ಅವರು ಗಮನವನ್ನೇ ಕೊಡಲಿಲ್ಲ. ಆನೆ ಹೊಳೆಗಿಳಿದ ಕೂಡಲೇ ಮುಂದಕ್ಕೆ ಬಾಗಿ, "ಇದು ನಮ್ಮ ಕಡೆ ಕಾಡೇ ಕಣೋ, ಎಲ್ಲಿ ಬೇಕಾದ್ರೂ ಹೇಳ್ತೀನಿ" ಅಂದರು. ಆಮೇಲೆ ಆ ಹುಡುಗ ಆನೆಯ ಮೇಲೆ ಕೂತ ಠೀವಿಯನ್ನು ಎರಡು ದಿನ ಹೇಳುತ್ತಲೇ ಇದ್ದರು.

ಈ ಚಿತ್ರಗಳಲ್ಲಿ ನಮಗೆ ನೋವಾಗುವಂಥದ್ದೂ ಇದೆ. 'ಬ್ಲ್ಯಾಕ್ ನಾರ್ಸಿಸಸ್'ನಲ್ಲೇ ಭಾರತೀಯ ಹುಡುಗಿಯಾಗಿ ಮುಖಕ್ಕೆ ಬಣ್ಣ ಬಳಿದುಕೊಂಡು ನಟಿಸಿದವರು ಇಂಗ್ಲೆಂಡಿನ ಜೀನ್ ಸಿಮನ್ಸ್. ಸಾಬು ನಟಿಸಿದ 1938ರ 'ದಿ ಡ್ರಮ್' ಸಾಮ್ರಾಜ್ಯದ ಗುಣಗಾನವೆಂದು ಬೊಂಬಾಯಿಯಲ್ಲಿ, ಮದರಾಸಿನಲ್ಲಿ ಜನ ಪ್ರತಿಭಟಿಸಿದ್ದರು. ನನ್ನ ಮಗಳೊಡನೆ ಇಂಥ ಚಿತ್ರ ನೋಡುವಾಗ ಅಲ್ಲಲ್ಲೇ ನಿಲ್ಲಿಸಿ ಇದನ್ನೆಲ್ಲ ಮಾತಾಡುತ್ತೇವೆ. ಮನೆಯಲ್ಲಿ ಮೊದಲು ನೋಡುವುದರ ಇನ್ನೊಂದು ಅನುಕೂಲ ಇದು.

ಎರಡು ಬಗೆಯ ಚಿತ್ರಗಳಿಗೆ ಮಾತ್ರ ನಾನು ಈ ಕ್ರಮವನ್ನು ತಿರುಗಿಸುತ್ತೇನೆ. ಒಂದು, ಈಲಿಂಗ್ ಸ್ಟುಡಿಯೋದ ಹಾಸ್ಯಚಿತ್ರಗಳು. 1955ರ 'ದಿ ಲೇಡಿಕಿಲ್ಲರ್ಸ್'ನಲ್ಲಿ ದರೋಡೆಕೋರರು ಒಂಟಿ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ಸೇರಿ, ಗ್ರಾಮಫೋನ್ ಹಾಕಿ, ಸಂಗೀತಗಾರರ ಸೋಗು ಹಾಕುತ್ತಾರೆ. ಅಜ್ಜಿ ಚಹಾ ಬೇಕೇ ಎಂದು ಬಾಗಿಲು ತಟ್ಟಿದಾಗಲೆಲ್ಲ ಗಡಿಬಿಡಿಯಲ್ಲಿ ವಾದ್ಯ ಎತ್ತಿಕೊಳ್ಳುತ್ತಾರೆ. ಒಬ್ಬರೇ ಕೂತು ನೋಡಿದರೆ ಮುಗುಳ್ನಗೆ ಬರುತ್ತದೆ, ತುಂಬಿದ ಥಿಯೇಟರಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗು. ಇನ್ನೊಂದು, ಕ್ಯಾರಲ್ ರೀಡ್ ಅವರ 1949ರ 'ದಿ ಥರ್ಡ್ ಮ್ಯಾನ್'. ಯುದ್ಧದಲ್ಲಿ ಜಖಂಗೊಂಡ ವಿಯೆನ್ನಾದ ಕಥೆ. ಆಂಟನ್ ಕರಾಸ್ ನುಡಿಸಿದ ಝಿದರ್ ಎಂಬ ತಂತಿವಾದ್ಯ, ಒಳಚರಂಡಿಯ ಸುರಂಗದಲ್ಲಿ ಮಾರ್ದನಿಸುವ ಹೆಜ್ಜೆ ಸಪ್ಪಳ ಟಿವಿಯ ಸ್ಪೀಕರಿಗೆ ದಕ್ಕುವಂಥದ್ದಲ್ಲ. ಕಥೆಯಲ್ಲೊಂದು ಗುಟ್ಟೂ ಇದೆ, ಅದು ಮೊದಲ ಸಲ ಕತ್ತಲಲ್ಲೇ ಬಯಲಾಗಬೇಕು.

ಊರಿನಲ್ಲಿರುವ ಗೆಳೆಯರು ಇಲ್ಲಿಂದ ಡಿಸ್ಕ್ ತರಿಸಿಕೊಳ್ಳುವ ಮುಂಚೆ ಒಂದು ವಿಷಯ ಗಮನಿಸಬೇಕು. ಬ್ರಿಟನ್ನಿನ ಬ್ಲೂ-ರೇ 'ಬಿ' ವಲಯದ್ದು, ಭಾರತದ ಪ್ಲೇಯರುಗಳು 'ಸಿ' ವಲಯದವು. ಡಿವಿಡಿಯಾದರೆ ಇಲ್ಲಿ 2, ಅಲ್ಲಿ 5. ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಇದ್ದರೆ, ಅಥವಾ ಡಿಸ್ಕಿನ ಹಿಂಬದಿ ಎ, ಬಿ, ಸಿ ಮೂರೂ ಗುರುತು ಇದ್ದರೆ ಮಾತ್ರ ತರಿಸಿಕೊಳ್ಳಿ. ಮೊದಲನೆಯದಾಗಿ 'ಬ್ರೀಫ್ ಎನ್‌ಕೌಂಟರ್' ಇರಲಿ. ನಿಮ್ಮೂರಿನ ಫಿಲ್ಮ್ ಸೊಸೈಟಿಯವರು 'ಬ್ಲ್ಯಾಕ್ ನಾರ್ಸಿಸಸ್' ಹಾಕಿದ್ದಾರೆಂದು ಗೊತ್ತಾದರೆ ಬೇರೆ ಕೆಲಸ ಮುಂದಕ್ಕೆ ಹಾಕಿ ಹೋಗಿ, ಮುಂದಿನ ಸಾಲುಗಳಲ್ಲೇ ಕೂತುಕೊಳ್ಳಿ.