ವಾಂತಿ ಬಣ್ಣ ಮೊದಲು ಕೇಳಿ

ಜಮಖಂಡಿಯಲ್ಲಿ ಮಕ್ಕಳ ಡಾಕ್ಟರ್ ನಾನು. ಹಸುಗೂಸು ವಾಂತಿ ಮಾಡ್ತಿದೆ ಅಂತ ಕರೆತಂದರೆ ಎಷ್ಟು ಸಲ ಅಂತ ಆಮೇಲೆ ಕೇಳ್ತೀನಿ, ಮೊದಲು ಕೇಳೋದು ಬಣ್ಣ. ಬರೀ ಹಾಲಾಗಿದ್ದರೆ ಸಾವಧಾನವಾಗಿ ನೋಡಬಹುದು. ಹಸಿರು ಅಂದರೆ ಪಿತ್ತ, ಅಂದರೆ ಪಿತ್ತನಾಳ ಕರುಳಿಗೆ ಸೇರುವ ಜಾಗದಿಂದ ಕೆಳಗೆ ಎಲ್ಲೋ ದಾರಿ ಕಟ್ಟಿರಬಹುದು. ಹುಟ್ಟಿನಿಂದಲೇ ಸರಿಯಾಗಿ ಕೂರದ ಕರುಳು ತಿರುಚಿಕೊಂಡಿದ್ದರಂತೂ ಕೆಲವೇ ಗಂಟೆಗಳಲ್ಲಿ ರಕ್ತ ಸಿಗದೆ ಸತ್ತುಹೋಗುತ್ತೆ.

ಆದರೆ ಮನೆಯವರು ಹೇಳುವ ಬಣ್ಣ ನಂಬೋದು ಕಷ್ಟ. ಮೊನ್ನೆ ಒಬ್ಬ ಆಯಿ "ಅರಿಶಿಣಗತೆ ಹಳದಿ ಐತ್ರಿ, ಪಿತ್ತ ಆಗೇತಿ" ಅಂದ್ರು. "ಆಯಿ, ಆ ಅರಿವಿ ತೋರಸ್ರಿ" ಅಂದೆ. ಚೀಲದ ತಳದಿಂದ ಮಡಚಿದ ದುಪಟಿ ತೆಗೆದರು. ಅಂಚು ಒಣಗಿ ಹಳದಿ, ಮಡಿಕೆ ಬಿಚ್ಚಿದರೆ ಒಳಗೆ ಹಸಿ ಹಸಿರು. ಹಾಲು ನಿಲ್ಲಿಸಿ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ, ಸಲೈನ್ ಹಚ್ಚಿ, ಬೆಳಗಾವಿಯ ಮಕ್ಕಳ ಸರ್ಜನ್‌ಗೆ ಫೋನ್ ಮಾಡಿದೆ. ಎಕ್ಸ್‌ರೇ ಆಮೇಲೆ.

ಎಕ್ಸ್‌ರೇಯಲ್ಲಿ ಎರಡೇ ಗಾಳಿಗುಳ್ಳೆ ಕಂಡು ಮುಂದೆ ಗಾಳಿಯೇ ಇಲ್ಲದಿದ್ದರೆ ಡ್ಯುಯೋಡಿನಂ, ಅಂದರೆ ಸಣ್ಣ ಕರುಳಿನ ಮೊದಲ ಭಾಗ, ಪೂರ್ತಿ ಮುಚ್ಚಿದೆ ಅಂತ ಬಹುತೇಕ ಗೊತ್ತಾಗುತ್ತೆ. ಅಂಥ ಕೂಸಿಗೆ ಡೌನ್ ಸಿಂಡ್ರೋಮ್ ಇದೆಯಾ, ಹೃದಯ ಸರಿ ಇದೆಯಾ ಅಂತಲೂ ನೋಡಬೇಕು. ನನಗೆ ಹೆದರಿಕೆ ಜಾಸ್ತಿ ಆಗೋದು ಎಕ್ಸ್‌ರೇ ಚೆನ್ನಾಗಿ ಕಂಡಾಗ. ತಿರುಚಿದ ಕರುಳಿದ್ದರೂ ಚಿತ್ರ ಸಾಮಾನ್ಯವಾಗಿ ಕಾಣಬಹುದು. ಹಾಗಾಗಿ ಔಷಧ ಕುಡಿಸಿ ತೆಗೆಯುವ ಕಾಂಟ್ರಾಸ್ಟ್ ಚಿತ್ರ ಬೇಕೇ ಬೇಕು. ಡ್ಯುಯೋಡಿನಂ ಮುಗಿಯುವ ತಿರುವು ಬೆನ್ನೆಲುಬಿನ ಎಡಕ್ಕೆ ಇರಬೇಕು, ಇಲ್ಲದಿದ್ದರೆ ಜಾಗ ತಪ್ಪಿದೆ ಅಂತಲೇ.

ಮೂರರಿಂದ ಆರು ವಾರದ ಕೂಸು ಬರೀ ಹಾಲನ್ನೇ ದೂರಕ್ಕೆ ಚಿಮ್ಮಿ ಕಕ್ಕಿ, ಮತ್ತೆ ಹಸಿದು ಅಳುತ್ತಿದ್ದರೆ ಪೈಲೋರಸ್, ಅಂದರೆ ಜಠರದಿಂದ ಕರುಳಿಗೆ ಹೋಗುವ ಬಾಯಿಯ ಸ್ನಾಯು, ದಪ್ಪಗಾಗಿರಬಹುದು. ಹೊಟ್ಟೆ ಸಡಿಲ ಬಿಟ್ಟಾಗ ಬಾರಿಹಣ್ಣಿನಷ್ಟು ಗಂಟು ಕೈಗೆ ಸಿಗುತ್ತೆ, ಸಿಗದಿದ್ದರೆ ಅಲ್ಟ್ರಾಸೌಂಡ್. ಸ್ನಾಯು 3 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಅನುಮಾನ ಬೇಡ. ಇದಕ್ಕೆ ಅದೇ ರಾತ್ರಿ ಆಪರೇಷನ್‌ಗೆ ಓಡಬೇಕಿಲ್ಲ, ರಕ್ತದಲ್ಲಿ ಕ್ಲೋರೈಡ್, ಪೊಟ್ಯಾಷಿಯಂ ಸರಿ ಮಾಡೋದೇ ಮೊದಲ ಕೆಲಸ.

ಇನ್ನೊಂದು, ಹುಟ್ಟಿದ ಮೇಲಿನ ಮೊದಲ ಕರಿ ಸಂಡಾಸ. 48 ಗಂಟೆ ದಾಟಿದರೂ ಆಗದಿದ್ದರೆ ಹಿರ್ಷ್‌ಸ್ಪ್ರಂಗ್, ಅಂದರೆ ಕರುಳಿನ ಕೊನೆ ಭಾಗದಲ್ಲಿ ನರಕೋಶಗಳಿಲ್ಲದೆ ಮಲ ಮುಂದೆ ಸಾಗದ ಹುಟ್ಟು ಕಾಯಿಲೆ, ನೆನಪಾಗಬೇಕು. ಗುದದ್ವಾರ ಇದೆಯಾ, ಇರುವ ಜಾಗದಲ್ಲೇ ಇದೆಯಾ ಅಂತ ದೀಪ ಹಿಡಿದೇ ನೋಡ್ತೀನಿ. ನಮ್ಮ ಕಡೆ ಎಲೆ ತೊಟ್ಟಿಗೆ ಔಡಲೆಣ್ಣೆ ಹಚ್ಚಿ ಗುದದೊಳಗೆ ಇಡೋ ರೂಢಿ ಇದೆಯಲ್ವಾ, ಅದರಿಂದ ಹೊರಗಡೆ ಆಗುತ್ತೆ, "ಆಗೇತ್ರಿ" ಅಂತಾರೆ, ನಿಜ ಮುಚ್ಚಿಹೋಗುತ್ತೆ. ಅದಕ್ಕೆ ಈಗ "ತಾನಾಗಿ ಆತೋ, ನೀವು ಮಾಡಿಸಿದ್ರೋ?" ಅಂತಲೇ ಕೇಳ್ತೀನಿ. ಮಾಡಿಸಿದ್ದು ಅಂದರೆ, ಹೊಟ್ಟೆಯೂ ಉಬ್ಬಿದ್ದರೆ, ಗುದದ ಬಯಾಪ್ಸಿಗೆ, ಅಂದರೆ ಒಳಗಿನ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆಗೆ, ಚೀಟಿ ಬರೀತೀನಿ.