ಅಮೆರಿಕದ ಕ್ರಾಂತಿಕಾರಿ ಕಾಂಗ್ರೆಸ್ಸು ಸೈನ್ಯವನ್ನು ಸಾಕಿದ ಬಗೆ: ದಾಖಲೆಗಳನ್ನು ಓದುವ ಕ್ರಮ

ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಕದನಗಳ ಜಾಡು ಹಿಡಿದು ಸಾಗುತ್ತಾರೆ. ಆದರೆ ಆ ಸೈನ್ಯಕ್ಕೆ ಊಟ, ಬಟ್ಟೆ, ಮದ್ದುಗುಂಡು ಒದಗಿದ್ದು ಹೇಗೆಂದು ತಿಳಿಯಬೇಕಾದರೆ ಬ್ರಿಟನ್ನಿನ ವಿರುದ್ಧ ಎದ್ದ ಹದಿಮೂರು ವಸಾಹತುಗಳ ಪ್ರತಿನಿಧಿ ಸಭೆಯಾಗಿ ಫಿಲಡೆಲ್ಫಿಯಾದಲ್ಲಿ ಸೇರುತ್ತಿದ್ದ ಕಾಂಟಿನೆಂಟಲ್ ಕಾಂಗ್ರೆಸ್ಸಿನ ನಡಾವಳಿಗಳಿಂದಲೇ ಹೊರಡಬೇಕು. ಆ ನಡಾವಳಿಗಳೂ ಜಾರ್ಜ್ ವಾಷಿಂಗ್ಟನ್ನರ ಪತ್ರವ್ಯವಹಾರವೂ ಇಂದು ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಓದುವಾಗ ಯಾವ ಠರಾವು ಎದುರಾದರೂ ಸಾಮಾನನ್ನು ಕೊಳ್ಳುವವರು ಯಾರು, ಯಾವ ಹಣದಿಂದ ಕೊಳ್ಳುತ್ತಾರೆ, ಶಿಬಿರಕ್ಕೆ ಸಾಗಿಸುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಬಿಡದೆ ಕೇಳಬೇಕು. ಠರಾವಿನ ಮಾತನ್ನಷ್ಟೇ ನಂಬಿದರೆ, ಸೈನಿಕನ ತಟ್ಟೆಗೆ ಬಂದದ್ದೇನು ಎಂಬುದು ಎಂದಿಗೂ ಗೊತ್ತಾಗುವುದಿಲ್ಲ.

1775ರ ಜೂನ್ ತಿಂಗಳ ಪುಟಗಳನ್ನು ದಿನವಾರು ಓದಿ. 14ರಂದು ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾಗಳಿಂದ 10 ರೈಫಲ್ ತುಕಡಿಗಳನ್ನು ಕಟ್ಟುವ ನಿರ್ಣಯ, 15ರಂದು ಸೇನಾಧಿಪತಿಯಾಗಿ ವಾಷಿಂಗ್ಟನ್ನರ ಆಯ್ಕೆ, 16ರಂದು ಕ್ವಾರ್ಟರ್‌ಮಾಸ್ಟರ್ ಜನರಲ್, ಕಮಿಸರಿ ಜನರಲ್, ಪೇಮಾಸ್ಟರ್ ಜನರಲ್ ಹುದ್ದೆಗಳ ಸೃಷ್ಟಿ, 22ರಂದು 20 ಲಕ್ಷ ಡಾಲರುಗಳ ಕಾಗದದ ಹಣ, 30ರಂದು ಸೇನಾ ನಿಯಮಾವಳಿ. ಇಷ್ಟನ್ನೂ ಮಾಡಿದ ಸಭೆಗೆ ತೆರಿಗೆ ಹಾಕುವ ಅಧಿಕಾರ ಅಂದೂ ಇರಲಿಲ್ಲ, ಯುದ್ಧ ಮುಗಿಯುವವರೆಗೂ ಬರಲಿಲ್ಲ. ಮುಂದಿನ ಪ್ರತಿಯೊಂದು ಪುಟವನ್ನೂ ಈ ಕೊರತೆಯ ಬೆಳಕಿನಲ್ಲಿಯೇ ಓದಬೇಕಾಗುತ್ತದೆ. ಹುದ್ದೆಗಳ ಕೆಲಸವನ್ನು ಆರಂಭದಲ್ಲಿಯೇ ಬೇರ್ಪಡಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಆಹಾರ ಕಮಿಸರಿಯ ಹೊಣೆ; ಡೇರೆ, ಬಂಡಿ, ಕುದುರೆ, ಮೇವು, ದಾರಿ ಇವೆಲ್ಲ ಕ್ವಾರ್ಟರ್‌ಮಾಸ್ಟರನ ಹೊಣೆ; ಸಂಬಳ ಹಂಚುವುದು ಪೇಮಾಸ್ಟರನ ಹೊಣೆ. ಹಿಟ್ಟು ಕೊಂಡಾಗಿದ್ದರೂ ಬಂಡಿ ಇಲ್ಲದೆ ಸೈನ್ಯ ಹಸಿದದ್ದು ಏಕೆಂಬುದು ಈ ವಿಭಜನೆ ತಿಳಿಯದವರಿಗೆ ಅರ್ಥವಾಗುವುದಿಲ್ಲ.

ಅನಂತರ 1775ರ ನವೆಂಬರ್ 4ರ ಪಡಿ ಠರಾವನ್ನು ತೆಗೆದುಕೊಳ್ಳಿ. ಒಬ್ಬ ಸೈನಿಕನಿಗೆ ದಿನಕ್ಕೆ ಒಂದು ಪೌಂಡ್ ದನದ ಮಾಂಸ, ಅಥವಾ ಮುಕ್ಕಾಲು ಪೌಂಡ್ ಹಂದಿಮಾಂಸ, ಅಥವಾ ಒಂದು ಪೌಂಡ್ ಉಪ್ಪುಮೀನು; ಒಂದು ಪೌಂಡ್ ಬ್ರೆಡ್ ಅಥವಾ ಹಿಟ್ಟು; ಒಂದು ಪಿಂಟ್ ಹಾಲು; ವಾರಕ್ಕೆ ಮೂರು ಪಿಂಟ್ ಬಟಾಣಿ ಅಥವಾ ಅವರೆ ಜಾತಿಯ ಕಾಳು; ನೂರು ಜನರಿಗೆ ವಾರಕ್ಕೆ ಮೂರು ಪೌಂಡ್ ಮೇಣದಬತ್ತಿ. ಇದನ್ನು ಹತ್ತು ಸಾವಿರ ಜನರಿಗೆ ಗುಣಿಸಿ ನೋಡಿ: ಹಿಟ್ಟೊಂದೇ ದಿನಕ್ಕೆ ಸುಮಾರು ನಾಲ್ಕೂವರೆ ಟನ್ ಬೇಕು, ಮತ್ತು ಅದು ಪ್ರತಿದಿನವೂ ಬರಬೇಕು. ಮಾಂಸವನ್ನು ಕೆಡದಂತೆ ಇಡಲು ಉಪ್ಪು ಬೇಕು. ಉಪ್ಪು ಬಹುಮಟ್ಟಿಗೆ ಹಡಗಿನಲ್ಲಿ ಬರಬೇಕು. ಸಮುದ್ರದಲ್ಲಿ ಬ್ರಿಟಿಷ್ ನೌಕಾಪಡೆಯ ಕಾವಲು. ಇಂಥ ಲೆಕ್ಕವನ್ನು ಸ್ವತಃ ಮಾಡಿ ನೋಡಿದವರಿಗೆ ಕಾಂಗ್ರೆಸ್ಸಿನ ಕಷ್ಟ ಮನದಟ್ಟಾಗುತ್ತದೆ.

ಹೆಚ್ಚು ಸಮಯವನ್ನು ಮೀಸಲಿಡಬೇಕಾದದ್ದು 1777ರ ಜೂನ್ 10ರ ನಿಯಮಗಳಿಗೆ. ಖರೀದಿಯಲ್ಲಿ ಮೋಸ ನಡೆಯಬಾರದೆಂದು ಕಾಂಗ್ರೆಸ್ಸು ಕಮಿಸರಿ ಇಲಾಖೆಯನ್ನು ಖರೀದಿ ಮತ್ತು ವಿತರಣೆ ಎಂದು ಎರಡಾಗಿ ಒಡೆಯಿತು; ಕೊಂಡ ಜಾನುವಾರುಗಳ ಸಂಖ್ಯೆ, ಬಣ್ಣ, ಮೈಮೇಲಿನ ಗುರುತುಗಳನ್ನು ಸಹ ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಕಮಿಸರಿ ಜನರಲ್ ಜೋಸೆಫ್ ಟ್ರಂಬುಲ್ ಖರೀದಿಯ ಮೇಲೆ ಕಮಿಷನ್ ಕೇಳಿದ್ದರು. ಅವರಿಗೆ ದೊರೆತದ್ದು ನಿಗದಿತ ಸಂಬಳ ಮಾತ್ರ. ಅವರ ಕೈಕೆಳಗಿನ ಉಪಾಧಿಕಾರಿಗಳನ್ನು ಕೂಡ ಕಾಂಗ್ರೆಸ್ಸೇ ನೇಮಿಸಿದ್ದರಿಂದ ಹೊಣೆ ಅವರದಾಗಿ, ಹಿಡಿತ ಬೇರೆಯವರದಾಯಿತು. ಆಗಸ್ಟ್‌ನಲ್ಲಿ ಅವರು ಹುದ್ದೆ ಬಿಟ್ಟರು. ಕ್ವಾರ್ಟರ್‌ಮಾಸ್ಟರ್ ಜನರಲ್ ಥಾಮಸ್ ಮಿಫ್ಲಿನ್ ಸಹ ಆ ಶರತ್ಕಾಲದಲ್ಲಿಯೇ ರಾಜೀನಾಮೆ ಕೊಟ್ಟರು. ಲೆಕ್ಕ ಕೇಳುವುದು ಪ್ರಜಾಪ್ರತಿನಿಧಿಗಳ ಕರ್ತವ್ಯವೇ ಹೌದು, ಆದರೆ ಯುದ್ಧದ ನಟ್ಟನಡುವೆ ಇಲಾಖೆಯನ್ನು ಬುಡಮೇಲು ಮಾಡಿದ್ದು ದೊಡ್ಡ ತಪ್ಪೆಂದೇ ನನ್ನ ಅಭಿಪ್ರಾಯ.

ಈ ನಿಯಮಗಳ ಪಕ್ಕದಲ್ಲಿಯೇ, 1777ರ ಡಿಸೆಂಬರ್ 23ರಂದು ಸೈನ್ಯದ ಚಳಿಗಾಲದ ತಂಗುದಾಣವಾದ ವ್ಯಾಲಿ ಫೋರ್ಜ್ ಶಿಬಿರದಿಂದ ಕಾಂಗ್ರೆಸ್ಸಿನ ಅಧ್ಯಕ್ಷ ಹೆನ್ರಿ ಲಾರೆನ್ಸರಿಗೆ ವಾಷಿಂಗ್ಟನ್ ಬರೆದ ಪತ್ರವನ್ನು ಇಟ್ಟುಕೊಂಡು ಓದಬೇಕು. ಕಾಲಿಗೆ ಜೋಡಿಲ್ಲದೆ, ಮೈಗೆ ಬಟ್ಟೆಯಿಲ್ಲದೆ 2,898 ಜನ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದಾರೆಂದು ಅದರಲ್ಲಿ ಅವರು ತಿಳಿಸಿದ್ದಾರೆ. ಆ ಚಳಿಗಾಲದ ಸಂಕಟಕ್ಕೆ ನಾಡಿನಲ್ಲಿ ಧಾನ್ಯವಿರಲಿಲ್ಲವೆಂಬ ಕಾರಣವನ್ನು ಒಪ್ಪುವ ಮೊದಲು, ಆಗ ಕ್ವಾರ್ಟರ್‌ಮಾಸ್ಟರನ ಕುರ್ಚಿಯಲ್ಲಿ ಯಾರಿದ್ದರು ಎಂಬುದನ್ನು ಪರಿಶೀಲಿಸಿ. ಮುಂದಿನ ಜನವರಿಯಲ್ಲಿ ಕಾಂಗ್ರೆಸ್ಸಿನ ಸಮಿತಿಯೊಂದು ಶಿಬಿರಕ್ಕೇ ಬಂದು ಕುಳಿತು ಪರಿಸ್ಥಿತಿಯನ್ನು ಕಂಡಿತು. 1778ರ ಮಾರ್ಚ್ 2ರಂದು ನಥಾನಿಯಲ್ ಗ್ರೀನ್ ಕ್ವಾರ್ಟರ್‌ಮಾಸ್ಟರ್ ಜನರಲ್ ಆದರು. ಏಪ್ರಿಲ್‌ನಲ್ಲಿ ಜೆರಮಾಯ ವಾಡ್ಸ್‌ವರ್ತ್ ಖರೀದಿಯ ಹೊಣೆ ಹೊತ್ತರು. ಟ್ರಂಬುಲ್ಲರಿಗೆ ನಿರಾಕರಿಸಿದ್ದ ಕಮಿಷನ್ನನ್ನು ಕಾಂಗ್ರೆಸ್ಸು ಇವರಿಬ್ಬರಿಗೂ ಕೊಟ್ಟಿತು. ಎರಡೂ ಠರಾವುಗಳನ್ನು ಒಟ್ಟಿಗೆ ಓದಿದಾಗ ಮಾತ್ರ ಈ ಬದಲಾವಣೆಯ ತೂಕ ತಿಳಿಯುತ್ತದೆ.

ಹಣದ ವಿಷಯಕ್ಕೆ ಒಂದು ಪ್ರತ್ಯೇಕ ಪುಟ ಮಾಡಿಕೊಳ್ಳಿ. 1779ರ ಸೆಪ್ಟೆಂಬರಿನಲ್ಲಿ ಕಾಗದದ ಹಣಕ್ಕೆ 20 ಕೋಟಿ ಡಾಲರುಗಳ ಮಿತಿ ಹಾಕಬೇಕಾಯಿತು. 1780ರ ಮಾರ್ಚ್ 18ರಂದು 40 ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಎಂದು ಕಾಂಗ್ರೆಸ್ಸೇ ಒಪ್ಪಿಕೊಂಡಿತು. ಅದಕ್ಕೂ ಮೊದಲು, ಫೆಬ್ರವರಿ 25ರಂದು, ಹಣದ ಬದಲು ಮಾಂಸ, ಹಿಟ್ಟು, ರಮ್, ಮೇವನ್ನೇ ಒದಗಿಸುವಂತೆ ರಾಜ್ಯಗಳಿಗೆ ಪಾಲು ಹಂಚಲಾಗಿತ್ತು. ಆದ್ದರಿಂದ 1780ರಿಂದ ಮುಂದಕ್ಕೆ ಕಾಂಗ್ರೆಸ್ಸಿನ ನಡಾವಳಿಯೊಂದೇ ಸಾಲದು, ಆಯಾ ರಾಜ್ಯದ ಶಾಸನಸಭೆಯ ದಾಖಲೆಗಳನ್ನೂ ನೋಡಬೇಕು. ರಾಜ್ಯ ಸಂಗ್ರಹಿಸಿಟ್ಟ ಸಾಮಾನು, ಸಾಗಣೆಯ ವೆಚ್ಚಕ್ಕೆ ಹಣವಿಲ್ಲದೆ ಉಗ್ರಾಣದಲ್ಲಿಯೇ ಉಳಿದಿರಬಹುದು.

1781ರ ಫೆಬ್ರವರಿಯಲ್ಲಿ ಹಣಕಾಸಿನ ಮೇಲ್ವಿಚಾರಕರಾಗಿ ಆಯ್ಕೆಯಾದ ರಾಬರ್ಟ್ ಮಾರಿಸ್, ಒಂದು ಪಡಿಗೆ ಇಷ್ಟು ಎಂದು ದರ ಗೊತ್ತುಮಾಡಿ ಗುತ್ತಿಗೆ ಕೊಡುವ ಪದ್ಧತಿಯನ್ನು ತಂದರು. ಇಲ್ಲಿಂದ ಮುಂದೆ ಓದಬೇಕಾದದ್ದು ಗುತ್ತಿಗೆಯ ಷರತ್ತುಗಳನ್ನು ಮತ್ತು ತೆರಿಗೆಯ ಪಾಲನ್ನು ಕಳಿಸಿರೆಂದು ಮಾರಿಸ್ ರಾಜ್ಯಪಾಲರಿಗೆ ಮತ್ತೆ ಮತ್ತೆ ಬರೆದ ಸುತ್ತೋಲೆಗಳನ್ನು. ರಾಜ್ಯಗಳು ಕಳಿಸಿದ ಹಣ ಸಾಲದೆ, 1782ರ ಅಕ್ಟೋಬರಿನಲ್ಲಿ ಮುಖ್ಯ ಸೈನ್ಯದ ಗುತ್ತಿಗೆ ಮುರಿದುಬಿತ್ತು. ಆಗ ಹೆಚ್ಚಿನ ದರಕ್ಕೆ, ಸಾಲದ ಮೇಲೆ ಪಡಿ ಪೂರೈಸಲು ಮುಂದೆ ಬಂದವರಲ್ಲಿ ಹಿಂದಿನ ಕಮಿಸರಿ ವಾಡ್ಸ್‌ವರ್ತ್ ಇದ್ದರು.